ಮಂಗಳನ ಮೇಲಿನ ಸುಣ್ಣದ ಚುಕ್ಕಿ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಜಾವಳಿ ಕಡೆಯ ಕಣಿವೆ ತುಂಬ ಮಂಜು ನಿಂತಿದೆ. ಹುಲ್ಲುಮಕ್ಕಿ ಎಸ್ಟೇಟಿನ ಗುಡ್ಡದ ನೆತ್ತಿ ಮಾತ್ರ ಅದರಿಂದ ಮೇಲೆದ್ದು ಕಾಣುತ್ತಿದೆ. ಆ ನೆತ್ತಿಯ ಮೇಲೊಂದು ದುಂಡನೆಯ ಕಟ್ಟಡ, ಅದಕ್ಕೆ ತಗಡಿನ ಗುಮ್ಮಟ. ಒಳಗೆ ಮಂಕಿ ಕ್ಯಾಪ್ ಹಾಕಿ, ಗಂಡನ ಹಳೆಯ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಎರಡೂ ಕೈಯಿಂದ ಹಗ್ಗ ಜಗ್ಗುತ್ತಿದ್ದಾರೆ. ಬಾವಿಯಿಂದ ನೀರು ಸೇದಿದಂತೆ ಒಂದೊಂದೇ ಎಳೆತ. ಒಂದೊಂದು ಎಳೆತಕ್ಕೂ ಗುಮ್ಮಟ ಕಿರುಗುಟ್ಟುತ್ತಾ ಗೇಣು ಗೇಣೇ ತಿರುಗುತ್ತದೆ. ಕೊನೆಗೆ ಅದರ ಸೀಳಿನಲ್ಲಿ ಕಾಣುವ ಆಕಾಶದ ಪಟ್ಟಿಯ ನಡುವೆ ಗುರುಗ್ರಹ ಬಂದು ನಿಲ್ಲುತ್ತದೆ.

"ಬಂದ್ರು ನೋಡಿ ಸಾಹೇಬ್ರು," ಎಂದು ಪ್ರೇಮಲತಾ ಹಗ್ಗವನ್ನು ಗೂಟಕ್ಕೆ ಸುತ್ತುತ್ತಾರೆ. "ಗುರು ಒಳ್ಳೇವ್ನು. ಮಳೆ ಬಿಟ್ಟ ಮೇಲೆ ಬರ್ತಾನೆ, ನಮ್ಗೆ ಅನುಕೂಲ ಆದಾಗ ಬರ್ತಾನೆ. ಎಲ್ರೂ ಹಿಂಗೇ ಇದ್ದಿದ್ರೆ ನಂಗೆಂತ ಕಷ್ಟ ಇತ್ತು?"

ಎಲ್ಲರೂ ಹಾಗಿಲ್ಲ. ಗ್ರಹಗಳ ಪೈಕಿ ಒಬ್ಬ ಮಹಾ ಹಠಮಾರಿ ಇದ್ದಾನೆ, ಪ್ರೇಮಲತಾ ಅವರ ಅರ್ಧ ಆಯುಷ್ಯ ಅವನ ದಾರಿ ನೋಡುವುದರಲ್ಲೇ ಕಳೆದಿದೆ. ಆದರೆ ಈಗ ಅವನ ಮಾತಿಗೆ ಹೊತ್ತಿಲ್ಲ. ನೆಲ ಬಿಸಿಯಾಗಿ ಗಾಳಿ ಅಲುಗಾಡಲು ಶುರುವಾದರೆ ಚಿತ್ರ ಕದಡುತ್ತದೆ. ಬೆಳಗಿನ ಜಾವದ ಈ ತಣ್ಣನೆಯ ಗಳಿಗೆಯಲ್ಲಿ ಗಾಳಿ ಉಸಿರು ಹಿಡಿದು ಕೂತಿರುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಐವತ್ತೊಂದು ವರ್ಷದ ಪ್ರೇಮಲತಾ ಹಗಲಿಗೆ ಇದೇ ಎಸ್ಟೇಟಿನ ನರ್ಸರಿ ಕೆಲಸಗಾರ್ತಿ. ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿ ಕಾಫಿ ಸಸಿ ಎಬ್ಬಿಸುವುದು ಅವರ ಸಂಬಳದ ಕೆಲಸ. ಬೆಳಗಿನ ಜಾವದ್ದು ಯಾವ ಹಾಜರಿಗೂ ಸೇರದ ಕೆಲಸ. ಕೆಲಸಗಾರರ ಸಾಲಿನಲ್ಲಿರುವ ಅವರ ಲೈನ್‌ಮನೆಯಿಂದ ಗುಡ್ಡದ ನೆತ್ತಿಗೆ ತೋಟದ ಒಳದಾರಿಯಲ್ಲಿ ಟಾರ್ಚ್ ಹಿಡಿದು ಹತ್ತಬೇಕು. ಹೊರಡುವ ಮುಂಚೆ ಮೊಬೈಲ್ ನೋಡುತ್ತಾರೆ. ಆನೆ ಎಲ್ಲಿದೆ ಎಂದು ಸುತ್ತಲಿನ ತೋಟದವರು ತಿಳಿಸುವ ವಾಟ್ಸಾಪ್ ಗುಂಪೊಂದಿದೆ. ನಮ್ಮ ಕಡೆಗೆ ದಾಟಿದೆ ಎಂಬ ಮೆಸೇಜ್ ಬಂದಿದ್ದರೆ ಅಂದು ಗುರುವಿಗೂ ರಜೆ, ಶನಿಗೂ ರಜೆ.

ಗುಮ್ಮಟದ ಅಡಿಯಲ್ಲಿ ಇರುವುದು ಇಪ್ಪತ್ತು ಅಡಿ ಉದ್ದದ ದೂರದರ್ಶಕ. ಅದರ ತುದಿಯ ಗಾಜು ಊಟದ ತಟ್ಟೆಗಿಂತ ಅಗಲ. ನೂರಮೂವತ್ತು ವರ್ಷದ ಹಿಂದೆ ಈ ತೋಟ ಎಬ್ಬಿಸಿದ ಬಿಳಿ ದೊರೆಗೆ ಆಕಾಶದ ಹುಚ್ಚಿತ್ತಂತೆ. ಹಡಗಿನಲ್ಲಿ ಮಂಗಳೂರಿಗೆ ತರಿಸಿ, ಎತ್ತಿನ ಗಾಡಿಗಳ ಮೇಲೆ ಚಾರ್ಮಾಡಿ ಘಾಟಿ ಹತ್ತಿಸಿ, ಕೊಟ್ಟಿಗೆಹಾರದ ಮೇಲೆ ಸಾಗಿಸಿ ಇಲ್ಲಿ ನಿಲ್ಲಿಸಿದ. ದೊರೆ ಹೋದ, ತೋಟ ಕೈಯಿಂದ ಕೈಗೆ ಹೋಯಿತು. ಇದನ್ನು ಮಾತ್ರ ಇಳಿಸಿ ಒಯ್ಯುವ ಗೋಜಿಗೆ ಯಾರೂ ಹೋಗಲಿಲ್ಲ. ಊರವರ ಬಾಯಲ್ಲಿ ಇದು ಇವತ್ತಿಗೂ ದುರ್ಬೀನು, ಕಟ್ಟಡ ದುರ್ಬೀನುಮನೆ.

ಇದಕ್ಕೆ ಎಣ್ಣೆ ಬಿಟ್ಟು, ಇಲಿ ಹೆಗ್ಗಣ ಸೇರದಂತೆ ನೋಡಿಕೊಳ್ಳುವ ಜವಾಬ್ದಾರಿ ಒಂದು ಕಾಲದಲ್ಲಿ ಪಲ್ಪರ್ ಮೆಕ್ಯಾನಿಕ್ ಶೇಷಪ್ಪನವರ ತಲೆಗೆ ಬಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ರಿಪೇರಿ ಮಾಡುವವನಿಗೆ ಇದೂ ಒಂದು ಯಂತ್ರವೇ ತಾನೇ ಎಂದು ಆಗಿನ ಮ್ಯಾನೇಜರ್ ಲೆಕ್ಕ ಹಾಕಿದ್ದರು. ಎಣ್ಣೆ ಬಿಡಲು ಹತ್ತಿದ ಶೇಷಪ್ಪ ಒಂದು ದಿನ ಸುಮ್ಮನೆ ಕಣ್ಣಿಟ್ಟು ನೋಡಿದರು. ಅಲ್ಲಿಗೆ ಕೆಟ್ಟರು. ಆಮೇಲೆ ಅವರನ್ನು ಬೆಳಗಿನ ಜಾವ ಮನೆಯಲ್ಲಿ ಕಂಡವರಿಲ್ಲ. ಆ ಶೇಷಪ್ಪನವರ ಮಗಳು ಪ್ರೇಮಲತಾ.

1988ರ ಸೆಪ್ಟೆಂಬರ್ ಕೊನೆಯಲ್ಲಿ ಮಂಗಳ ಭೂಮಿಗೆ ತೀರ ಹತ್ತಿರ ಬಂದಿದ್ದ. ಒಂದು ಬೆಳಗಿನ ಜಾವ ಮಳೆ ಇದ್ದಕ್ಕಿದ್ದಂತೆ ನಿಂತು ಹೊಳವಾಯಿತು. ಪಶ್ಚಿಮಕ್ಕೆ ಇಳಿಯುತ್ತಿದ್ದ ಮಂಗಳನ ಕಡೆಗೆ ಶೇಷಪ್ಪ ದುರ್ಬೀನು ತಿರುಗಿಸಿದರು. ಕಿತ್ತಳೆ ಬಣ್ಣದ ಚೆಂಡು, ಅದರ ಮೇಲಂಚಿನಲ್ಲಿ ಬೆಳ್ಳಗೆ ಒಂದು ಚುಕ್ಕಿ. ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ಬೆರಳ ತುದಿಯಲ್ಲಿ ಇಟ್ಟ ಹಾಗೆ. ಶೇಷಪ್ಪ ಗುಡ್ಡ ಇಳಿದು ಓಡಿ ಬಂದು ಹದಿನಾಲ್ಕು ವರ್ಷದ ಮಗಳನ್ನು ಅಲುಗಿಸಿ ಎಬ್ಬಿಸಿದರು.

"ಅಪ್ಪಯ್ಯ ಏದುಸಿರು ಬಿಡ್ತಾ, 'ಬಾ ಪ್ರೇಮಾ, ಬೇಗ ಬಾ, ನೋಡು ಬಾ' ಅಂದ್ರು," ಎನ್ನುತ್ತಾರೆ ಪ್ರೇಮಲತಾ. "ನಂಗೆ ಕಂಬ್ಳಿ ಬಿಟ್ಟು ಏಳೋಕೆ ಮನಸ್ಸಿಲ್ಲ. 'ನಾಳೆ ನೋಡ್ತೀನಿ ಅಪ್ಪಯ್ಯ' ಅಂತ ಆ ಕಡೆ ತಿರುಗಿ ಮಲಗ್ದೆ. ನಾಳೆ ಎಲ್ಲಿತ್ತು? ಸಂಜೆಗೇ ಮೋಡ ಮುಚ್ತು. ಮತ್ತೆ ಆಕಾಶ ಬಿಡೋ ಹೊತ್ತಿಗೆ ಅವ್ನು ಚಿಕ್ಕವ್ನಾಗಿ ಹೋಗಿದ್ದ."

ಆ ಬೆಳಿಗ್ಗೆ ಶೇಷಪ್ಪ ಕಂಡದ್ದನ್ನು ಕಂಡವರಿಗೆಲ್ಲ ಹೇಳಿದರು. ಯಾರೂ ನಂಬಲಿಲ್ಲ. ಶೇಷಪ್ಪನ ಬಾಯಲ್ಲಿ ಸದಾ ಎಲೆಅಡಿಕೆ ಇರುತ್ತಿದ್ದುದು ಇಡೀ ಎಸ್ಟೇಟಿಗೆ ಗೊತ್ತು. "ನಿನ್ನ ಬೆರಳಿನ ಸುಣ್ಣವೇ ಗಾಜಿಗೆ ಮೆತ್ತಿರ್ಬೇಕು ಮಾರಾಯ" ಎಂದು ಲೆಕ್ಕ ಬರೆಯುವ ರೈಟರು ನಕ್ಕರು. "ಮಂಗಳನಿಗೆ ವೀಳ್ಯ ಕೊಟ್ಟವ್ರು ಯಾರು?" ಎಂದು ಮೇಸ್ತ್ರಿ ಕೇಳಿದರು. ಹುಡುಗರು ಸುಣ್ಣದ ಶೇಷಪ್ಪ ಎಂದು ಹೆಸರಿಟ್ಟರು. ಶೇಷಪ್ಪ ಯಾರ ಜೊತೆಗೂ ಜಗಳ ಆಡಲಿಲ್ಲ. ಅವತ್ತೇ ಸುಣ್ಣದ ಡಬ್ಬಿ ಎಸೆದು ಎಲೆಅಡಿಕೆ ಬಿಟ್ಟರು. ಇನ್ನೊಂದು ಸಲ ಕಂಡಾಗ ಯಾರೂ ಹಾಗೆ ಅನ್ನಬಾರದಲ್ಲ.

ಎಸ್ಟೇಟಿನ ಈಗಿನ ಯಜಮಾನಿ ತ್ರಿಪುರಸುಂದರಿ ಹೈಸ್ಕೂಲ್ ಮೇಡಂ ಆಗಿ ನಿವೃತ್ತರಾದವರು. ಅವರು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಪುಸ್ತಕ ತೆರೆದು ತೋರಿಸಿದ್ದರು: ಮಂಗಳನ ಎರಡು ತುದಿಯಲ್ಲೂ ಹಿಮ ಇದೆ, ದುರ್ಬೀನಿನಲ್ಲಿ ಚಿತ್ರ ತಲೆಕೆಳಗಾಗುವುದರಿಂದ ಶೇಷಪ್ಪ ಮೇಲಂಚಿನಲ್ಲಿ ಕಂಡದ್ದು ದಕ್ಷಿಣ ತುದಿಯ ಹಿಮವೇ ಇರಬೇಕು. ಶೇಷಪ್ಪ ಕೈಮುಗಿದು ಕೇಳಿಸಿಕೊಂಡರು, ಆದರೆ ಸಮಾಧಾನವಾಗಲಿಲ್ಲ. "ಪುಸ್ತಕದ್ದು ಪುಸ್ತಕದ್ದು ಅಮ್ಮಾ. ನಾನು ಕಂಡಿದ್ದು ನಮ್ಮ ಗಾಜಲ್ಲಿ. ನಮ್ಮ ಗಾಜಲ್ಲಿ ಇನ್ನೊಬ್ರು ಕಾಣ್ಬೇಕು" ಎಂದಿದ್ದರು.

ಮಂಗಳನ ಹಠ ಏನೆಂಬುದು ಇಲ್ಲಿ ಹೇಳಬೇಕು. ಅವನು ಎರಡು ವರ್ಷಕ್ಕೊಮ್ಮೆ ಭೂಮಿಯ ಪಕ್ಕ ಹಾಯುತ್ತಾನೆ. ಆದರೆ ತೀರ ಹತ್ತಿರ ಬಂದು, ಆ ದಕ್ಷಿಣದ ತುದಿಯನ್ನು ನಮ್ಮ ಕಡೆ ಬಾಗಿಸುವುದು ಹದಿನೈದು ಹದಿನೇಳು ವರ್ಷಕ್ಕೊಂದು ಸಲ. ಆ ಸಲವೂ ಅವನಿಗೆ ಸಿಗುವ ತಿಂಗಳು ಯಾವುದು? ಜುಲೈ, ಆಗಸ್ಟ್, ಹೆಚ್ಚೆಂದರೆ ಸೆಪ್ಟೆಂಬರ್. ಮೂಡಿಗೆರೆ ಸೀಮೆಯಲ್ಲಿ ಎದುರು ಮನೆಯ ದೀಪವೂ ಕಾಣದಂತೆ ಮಳೆ ಹೊಡೆಯುವ ಕಾಲ. 2003ರ ಆಗಸ್ಟಿನಲ್ಲಿ ಮಂಗಳ ಹತ್ತಿರ ಬಂದ. ಅಪ್ಪ ಮಗಳು ಬಾಗಿಲಲ್ಲಿ ಕೂತು ಮಳೆ ನೋಡಿದರು. 2018ರ ಜುಲೈನಲ್ಲಿ ಬಂದ. ಗುಡ್ಡ ಜರಿದು ರಸ್ತೆಗಳೇ ಹೋದ ಮಳೆಗಾಲವದು. ಸಾಲದ್ದಕ್ಕೆ ಆ ವರ್ಷ ಮಂಗಳನ ಮೇಲೂ ಧೂಳೆದ್ದು ಇಡೀ ಗ್ರಹ ಮುಚ್ಚಿಹೋಗಿತ್ತು. ಇಲ್ಲಿ ಮೋಡ, ಅಲ್ಲಿ ಧೂಳು.

ಅಷ್ಟರಲ್ಲಿ ಶೇಷಪ್ಪನವರ ಕಣ್ಣು ಸೋಲತೊಡಗಿತ್ತು. ಪೊರೆಯಲ್ಲ, ಕಣ್ಣಿನ ಒಳಗಿನ ಪರದೆಯೇ ಸವೆದದ್ದು. ಆಪರೇಷನ್ನಿನ ದಾರಿ ಇಲ್ಲ ಎಂದರು ಡಾಕ್ಟರು. ದುರ್ಬೀನಿನ ಸಣ್ಣ ಕಿಂಡಿಗೆ ಕಣ್ಣಿಟ್ಟರೆ ನಟ್ಟನಡುವೆ ಬರೀ ಕಪ್ಪು. ಆದರೆ ದೊಡ್ಡದಾಗಿ, ಬೆಳಕಾಗಿ ತೋರಿಸಿದರೆ ಓರೆಗಣ್ಣಿನಲ್ಲಿ ಕಾಣುತ್ತಿತ್ತು. ಪ್ರೇಮಲತಾ ಕ್ಯಾಮೆರಾ ಹಿಡಿದದ್ದು ಈ ಕಾರಣಕ್ಕೆ. ಫೋಟೊಗ್ರಫಿಯ ಖಯಾಲಿ ಅವರಿಗೆ ಯಾವತ್ತೂ ಇರಲಿಲ್ಲ. ಅಪ್ಪನ ಕಣ್ಣಿಗೆ ಎಟುಕುವಷ್ಟು ದೊಡ್ಡದಾಗಿ ಮಂಗಳನನ್ನು ಮನೆಯ ಟಿ.ವಿ.ಗೆ ತರಬೇಕಿತ್ತು, ಅಷ್ಟೇ.

ಗ್ರಹಗಳ ಚಿತ್ರ ತೆಗೆಯುವ ಸಣ್ಣ ಕ್ಯಾಮೆರಾ, ಹಳೆಯ ಲ್ಯಾಪ್‌ಟಾಪ್ ಎರಡನ್ನೂ ಕೊಡಿಸಿದವರು ತ್ರಿಪುರಸುಂದರಿ. ಮೊಬೈಲಿನಲ್ಲಿ ಇಂಗ್ಲಿಷ್ ವಿಡಿಯೊ ಹಾಕಿ, ಮೇಡಂ ಅರ್ಥ ಹೇಳುವುದು, ಪ್ರೇಮಲತಾ ಮಾಡಿ ನೋಡುವುದು. ಬಂಗಲೆಯ ಜಗಲಿಯಲ್ಲಿ ಒಂದು ಬೇಸಿಗೆಯಿಡೀ ಈ ಪಾಠ ನಡೆಯಿತು. ಗ್ರಹದ ಒಂದೇ ಫೋಟೊ ತೆಗೆದರೆ ಉಪಯೋಗವಿಲ್ಲ, ಗಾಳಿ ಅದನ್ನು ಕದಡಿರುತ್ತದೆ. ಅದಕ್ಕೆ ವಿಡಿಯೊ ತೆಗೆಯಬೇಕು. ಅದರ ಸಾವಿರಾರು ಚಿತ್ರಗಳಲ್ಲಿ ಗಾಳಿ ನಿಂತ ಕ್ಷಣದ್ದನ್ನಷ್ಟೇ ಹೆಕ್ಕಿ, ಒಂದರ ಮೇಲೊಂದು ಇಟ್ಟರೆ ಗುರುವಿನ ಪಟ್ಟೆಗಳು ತಿಳಿಯಾಗಿ ಮೂಡುತ್ತವೆ.

"ಕಾಫಿ ಬೀಜ ಆರ್ಸಿದ ಹಂಗೇ," ಎನ್ನುತ್ತಾರೆ ಪ್ರೇಮಲತಾ. ಮದುವೆಗೆ ಮುಂಚೆ ಅವರು ಚಿಕ್ಕಮಗಳೂರಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. "ಕಪ್ಪಾಗಿದ್ದು, ಒಡ್ದಿದ್ದು ಎಲ್ಲ ಆಚೆ. ಚೆನ್ನಾಗಿರೋದು ಮಾತ್ರ ಈಚೆ. ಕಂಪ್ಯೂಟ್ರೇ ಆರಿಸ್ತದೆ ಅಂತಾರೆ. ಆದ್ರೆ ನಂಗೆ ಒಂದ್ಸಲ ಕೈಯಾಡಿಸದೆ ಸಮಾಧಾನ ಇಲ್ಲ."

2020 ಬಂತು. ಅಪರೂಪಕ್ಕೆ ಆ ಸಲ ಮಂಗಳ ಅಕ್ಟೋಬರಿನಲ್ಲಿ ಹತ್ತಿರವಾಗುವವನಿದ್ದ. ಅಷ್ಟೇನೂ ಹಠ ಮಾಡದೆ, ಮಳೆ ಹಿಂದೆ ಸರಿಯುವ ಹೊತ್ತಿಗೆ, ದಕ್ಷಿಣದ ಚುಕ್ಕಿಯ ಸಮೇತ. ಶೇಷಪ್ಪ ಮಗುವಿನ ಹಾಗೆ ಕಾದರು. ಎಡವಟ್ಟಾದದ್ದು ಆಗಲೇ.

ಇಲ್ಲಿನ ಮಳೆಗಾಲದಲ್ಲಿ ಗಾಜಿಗೂ ಬೂಷ್ಟು ಹಿಡಿಯುತ್ತದೆ. ದುರ್ಬೀನಿನ ತುದಿಯಲ್ಲಿರುವುದು ಒಂದು ಗಾಜಲ್ಲ, ಒಂದಕ್ಕೊಂದು ಅಂಟಿಕೊಂಡಂತೆ ಕೂರುವ ಎರಡು. 1988ರ ನಂತರ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಅವನ್ನು ಇಳಿಸಿ, ಬೇರೆ ಮಾಡಿ, ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಗೋದಾಮಿನಲ್ಲಿ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ನಡುವೆ ಪೆಟ್ಟಿಗೆಯಲ್ಲಿ ಇಡುವುದು ಶೇಷಪ್ಪನವರ ಕ್ರಮ. ಎಸ್ಟೇಟಿನಲ್ಲಿ ಅಷ್ಟು ಬೆಚ್ಚಗಿನ ಜಾಗ ಬೇರೆ ಇಲ್ಲ. ಮತ್ತೆ ಅವು ಹೊರಬರುವುದು ಆಯುಧಪೂಜೆಯ ದಿನ. ಪಲ್ಪರ್, ಜೀಪು, ಔಷಧಿ ಹೊಡೆಯುವ ಯಂತ್ರಗಳ ಜೊತೆಗೆ ದುರ್ಬೀನಿನ ಗಾಜಿಗೂ ಹೂವು, ಅಂಚಿಗೆ ಕುಂಕುಮ. ಆಕಾಶ ನೋಡುವ ಮಗ್ಗುಲಿಗೆ ಮಾತ್ರ ಕುಂಕುಮ. ಬೆನ್ನಿಗೆ ಯಾರಾದರೂ ಬೊಟ್ಟಿಡುತ್ತಾರೆಯೇ? ಆ ಬೊಟ್ಟು ಮಾರನೆಯ ವರ್ಷದವರೆಗೂ ಅಂಚಿನಲ್ಲೇ ಕೂತಿರುತ್ತಿತ್ತು.

ಆ ವರ್ಷ ಅಧಿಕ ಮಾಸ ಬಂದು ಆಯುಧಪೂಜೆ ತಿಂಗಳು ಮುಂದೆ ಹೋಯಿತು. ಮಂಗಳ ಪಂಚಾಂಗ ನೋಡುವವನಲ್ಲ. ಹಬ್ಬಕ್ಕೆ ಕಾಯದೆ ಗಾಜು ಏರಿಸುವುದೆಂದು ಪ್ರೇಮಲತಾ ನಿರ್ಧರಿಸಿದರು. ಕೊರೊನಾ ಕಾಲವಾದ್ದರಿಂದ ವಯಸ್ಸಾದ ಅಪ್ಪನನ್ನು ಹೊರಗೆ ಕರೆತರುವಂತಿರಲಿಲ್ಲ. ಗಂಡ ಸುರೇಂದ್ರ ಕೊಟ್ಟಿಗೆಹಾರದಲ್ಲಿ ಜೀಪು ಓಡಿಸುವವರು, ಬಾಡಿಗೆ ಇಲ್ಲದೆ ಮನೆಯಲ್ಲೇ ಇದ್ದರು. ಗಂಡ ಹೆಂಡತಿ ಇಬ್ಬರೇ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದರು. ಬಾಗಿಲ ಹಿಡಿಯಿಂದ ತರಕಾರಿಯವರೆಗೆ ಎಲ್ಲವನ್ನೂ ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದ ದಿನಗಳು. ಪ್ರೇಮಲತಾ ಗಾಜಿನ ಅಂಚನ್ನೂ ಸುತ್ತ ಚೊಕ್ಕಟವಾಗಿ ಒರೆಸಿದರು. ಹಳೆಯ ಕುಂಕುಮ ಅಳಿಸಿಹೋಯಿತು.

"ಅದು ಪೂಜೆ ಅಂತ ಗೊತ್ತಿತ್ತು. ಗುರ್ತು ಅಂತ ಗೊತ್ತಿರ್ಲಿಲ್ಲ," ಎನ್ನುತ್ತಾರೆ ಪ್ರೇಮಲತಾ. ಹೇಳುವಾಗ ಈಗಲೂ ಅವರ ಬಲಗೈ ಹೆಬ್ಬೆರಳು ಏನನ್ನೋ ಒರೆಸುತ್ತದೆ.

ಒಂದು ಗಾಜು ಮಗುಚಿ ಕೂತಿತು. ಮೋಡ ಬಿಟ್ಟ ಕೆಲವೇ ದಿನಗಳಲ್ಲಿ ಎಷ್ಟು ಸಲ ತೆಗೆದರೂ ಮಂಗಳ ಬಿಸಿಲಿಗೆ ಕರಗಿದ ಬೆಲ್ಲದಂತೆಯೇ ಕಂಡ. ಗಾಳಿ ಸರಿಯಿಲ್ಲ ಅಂದುಕೊಂಡರು. ಮಂಜು ಅಂದುಕೊಂಡರು. ನಾಳೆ ಸರಿಹೋದೀತು ಅಂದುಕೊಂಡರು. ನಡುವೆ ಆಯುಧಪೂಜೆ ಬಂತು. ಏಣಿ ಹತ್ತಿ, ತಪ್ಪು ಮಗ್ಗುಲಿಗೇ ಭಕ್ತಿಯಿಂದ ಕುಂಕುಮ ಹಚ್ಚಿ ಇಳಿದರು. ಮನೆಯಲ್ಲಿ ಶೇಷಪ್ಪ ದಿನಾ ಟಿ.ವಿ.ಗೆ ಮುಖ ತಾಗಿಸಿ ಕೂತು, ಕತ್ತು ಓರೆ ಮಾಡಿ ಮಸುಕು ಚಿತ್ರದಲ್ಲಿ ಹುಡುಕುತ್ತಿದ್ದರು. "ಇಲ್ಲ ಅಲ್ದಾ?" ಎಂದು ಕೇಳುತ್ತಿದ್ದರು.

ಡಿಸೆಂಬರಿನಲ್ಲಿ ಗುರು ಮತ್ತು ಶನಿ ಸಂಜೆಯ ಆಕಾಶದಲ್ಲಿ ಅಕ್ಕಪಕ್ಕ ಬಂದರು. ಯಜಮಾನರ ಮನೆಗೆ ಗೋಣಿಬೀಡಿನಿಂದ ಬಂದ ನೆಂಟರೊಬ್ಬರು ಮಕ್ಕಳ ಆಟದ ದೂರದರ್ಶಕ ತಂದಿದ್ದರು. ಅದರಲ್ಲಿ ಶನಿಯ ಉಂಗುರ ಚಿಕ್ಕದಾಗಿ, ಚೂಪಾಗಿ ಕಂಡಿತು. ಇಪ್ಪತ್ತು ಅಡಿಯ ದುರ್ಬೀನಿನಲ್ಲಿ ಅದೇ ಶನಿ ಮುದ್ದೆಯಾಗಿ ಕಂಡ. ತಪ್ಪು ಗಾಜಿನದೇ ಎಂದು ಪ್ರೇಮಲತಾ ಅವರಿಗೆ ಆಗ ಹೊಳೆಯಿತು. ಮಾರನೆ ಬೆಳಿಗ್ಗೆಯೇ ಗಾಜು ಇಳಿಸಿ, ಜೀಪಿನಲ್ಲಿ ಮನೆಗೆ ತಂದು ಅಪ್ಪನ ಮುಂದೆ ಇಟ್ಟರು. ಶೇಷಪ್ಪ ಕುಂಕುಮವಿದ್ದ ಮಗ್ಗುಲಿಗೆ ಬೆರಳಾಡಿಸಿದರು. "ಬೆನ್ನು ಮೇಲಾಗಿದೆಯಲ್ಲ ಮಾರಾಯ್ತಿ" ಎಂದರು.

ಸರಿಮಾಡುವ ಹೊತ್ತಿಗೆ ಮಂಗಳ ದೂರ ಹೋಗಿದ್ದ. ಹಬ್ಬಕ್ಕೆ ಮುಂಚೆ ಗಾಜು ಎತ್ತಿದ್ದಕ್ಕೇ ಹೀಗಾಯಿತು ಎಂದು ಸುರೇಂದ್ರ ಇವತ್ತಿಗೂ ಹೇಳುತ್ತಾರೆ. ಪ್ರೇಮಲತಾ ಅದನ್ನು ಒಪ್ಪುವುದಿಲ್ಲ, ಆದರೆ ಅವತ್ತಿನಿಂದ ಹಬ್ಬಕ್ಕೆ ಮುಂಚೆ ಪೆಟ್ಟಿಗೆ ಮುಟ್ಟಿಯೂ ಇಲ್ಲ. ಅಪ್ಪ ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ ಎಂಬುದೇ ಅವರ ಸಂಕಟ.

2022ರ ಕೊನೆಯಲ್ಲಿ ಹಾಯ್ದಾಗ ಮೋಡ ಬಿಡಲಿಲ್ಲ. 2025ರ ಜನವರಿಯಲ್ಲಿ ಮಂಗಳ ಮತ್ತೆ ಬಂದ. ಚಳಿಗಾಲದ ತಿಳಿ ಆಕಾಶ, ಗಾಜು ಸರಿಯಾಗಿದೆ, ಗಾಳಿ ನಿಂತಿದೆ. ಚಿತ್ರ ಬಂತು, ಅಂಚಿನಲ್ಲಿ ಬಿಳುಪೂ ಬಂತು. ಪ್ರೇಮಲತಾ ಚಪ್ಪಲಿ ಬಿಚ್ಚದೆ ಒಳಗೆ ಓಡಿ ಟಿ.ವಿ.ಗೆ ತಂತಿ ಚುಚ್ಚಿದರು. ಶೇಷಪ್ಪ ತುಂಬ ಹೊತ್ತು ನೋಡಿದರು. "ಬಿಳಿ ಇದೆ. ಆದ್ರೆ ಕೆಳಗಿದೆ. ನಾನು ಕಂಡಿದ್ದು ಮೇಲೆ" ಎಂದರು. ಅದು ಉತ್ತರದ ಹಿಮ. ದೂರದಿಂದ ಹಾಯುವಾಗ ಮಂಗಳ ನಮಗೆ ತೋರಿಸುವುದು ಆ ತುದಿಯನ್ನೇ. ಹೌದು ಎಂದು ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು ಶೇಷಪ್ಪನವರಿಗೆ. ಎಂಬತ್ತನಾಲ್ಕರ ಈ ಮನುಷ್ಯನಿಗೆ ಅದು ಬರುವುದಿಲ್ಲ.

ಆಮೇಲೆ ಮಳೆಗಾಲ ಕಳೆಯುವುದರೊಳಗೆ ಅವರ ಓರೆಗಣ್ಣಿನ ಬೆಳಕೂ ಆರಿತು. ಈಗ ಟಿ.ವಿ. ಹಾಕಿದರೆ ಬೆಳ್ಳಗಾಯಿತು ಎಂದಷ್ಟೇ ಗೊತ್ತಾಗುತ್ತದೆ.

ಗುಡ್ಡದ ಮೇಲೆ ಪೂರ್ವ ಬಿಳಿಚಿಕೊಂಡಿದೆ. ಪ್ರೇಮಲತಾ ಕ್ಯಾಮೆರಾ ಬಿಚ್ಚಿ ಕರವಸ್ತ್ರದಲ್ಲಿ ಸುತ್ತುತ್ತಾರೆ, ಹಲ್ಲಿನ ಚಕ್ರಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಾರೆ, ಹಗ್ಗ ಜಗ್ಗಿ ಗುಮ್ಮಟ ಮುಚ್ಚುತ್ತಾರೆ. ಎಂಟಕ್ಕೆ ನರ್ಸರಿಯಲ್ಲಿರಬೇಕು. ಅದಕ್ಕೆ ಮುಂಚೆ ಅಪ್ಪನಿಗೆ ಕಾಫಿ ಕೊಟ್ಟು ವರದಿ ಒಪ್ಪಿಸಬೇಕು. ಫೋಟೊ ನೋಡುವ ಕಣ್ಣೇ ಹೋದ ಮೇಲೂ ದಿನಾ ಹತ್ತುವುದು ಯಾಕೆ ಎಂದು ಎಸ್ಟೇಟಿನಲ್ಲಿ ಕೇಳುವವರಿದ್ದಾರೆ. ದುರ್ಬೀನು ಬಳಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಕೈಗೂ ತುಕ್ಕು ಹಿಡಿಯುತ್ತದೆ ಎಂಬುದು ಅವರ ಉತ್ತರ. ಮುಂದಿನ ದೊಡ್ಡ ಭೇಟಿ 2035ರ ಸೆಪ್ಟೆಂಬರಿಗೆ. ಸೆಪ್ಟೆಂಬರ್ ಅಂದರೆ ನಡುನಡುವೆ ಹೊಳವಾಗುವ ತಿಂಗಳು. 1988ರಲ್ಲೂ ಹಾಗೇ ಆಗಿತ್ತು. ಆ ಸಲ ಮಾತ್ರ ಹಬ್ಬಕ್ಕೆ ಕಾಯದೆ ಗಾಜು ಏರಿಸುತ್ತಾರಂತೆ. ಅಷ್ಟು ಹೊತ್ತಿಗೆ ಪ್ರೇಮಲತಾ ಕೆಲಸದಿಂದ ನಿವೃತ್ತರಾಗಿರುತ್ತಾರೆ, ಲೈನ್‌ಮನೆ ಬಿಡಬೇಕಾಗುತ್ತದೆ. ಬೀಗದಕೈ ಮಾತ್ರ ನಿನ್ನ ಹತ್ತಿರವೇ ಇರಲಿ ಎಂದು ತ್ರಿಪುರಸುಂದರಿ ಈಗಲೇ ಹೇಳಿಟ್ಟಿದ್ದಾರೆ.

"ಒಂದು ಸಂಗ್ತಿ ಗೊತ್ತಾ ನಿಮ್ಗೆ?" ಇಳಿಯುವ ದಾರಿಯಲ್ಲಿ ಪ್ರೇಮಲತಾ ನಿಲ್ಲುತ್ತಾರೆ. "ಇಷ್ಟು ವರ್ಷ ಮಂಗಳನ ಫೋಟೊ ತೆಗ್ದೆ, ಕಣ್ಣಿಟ್ಟು ನೋಡೇ ಇಲ್ಲ. ಕಣ್ಣಿಡೋ ಜಾಗದಲ್ಲಿ ಕ್ಯಾಮೆರಾ ಇರ್ತದಲ್ಲ. ಅಪ್ಪಯ್ಯಂಗೆ ಬೇಕು ಅನ್ನೋ ಗಡಿಬಿಡೀಲಿ ನಂಗೆ ನೋಡ್ಬೇಕು ಅನ್ಸೇ ಇಲ್ಲ. ಈಗ ಫೋಟೊ ಯಾರಿಗೆ? ಅವ್ನು ಬಂದಾಗ ಕ್ಯಾಮೆರಾ ಬಿಚ್ಚಿಟ್ಟು ನಾನೇ ನೋಡ್ಬೇಕು. ನೋಡಿ, ಓಡಿ ಬಂದು, 'ಹೌದು ಅಪ್ಪಯ್ಯ, ಇತ್ತು' ಅಂತ ಹೇಳ್ಬೇಕು. ಅಷ್ಟೇ ಆಸೆ."

ಲೈನ್‌ಮನೆಯ ಜಗಲಿಯಲ್ಲಿ ಶೇಷಪ್ಪ ಕಂಬಳಿ ಹೊದ್ದು ಕೂತಿದ್ದಾರೆ. ಚಪ್ಪಲಿಯ ಸದ್ದಿಗೆ ಮುಖ ಎತ್ತುತ್ತಾರೆ. ಗುರುವಿನ ನಾಲ್ಕು ಚಂದ್ರರಲ್ಲಿ ಮೂರು ಒಂದೇ ಕಡೆ ಇದ್ದುದನ್ನು ಮಗಳು ಹೇಳುತ್ತಾರೆ, ಅಪ್ಪ ತಲೆಯಾಡಿಸುತ್ತಾರೆ. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು, ಎಂದಿನಂತೆ ಕೇಳುತ್ತಾರೆ: "ಮತ್ತೆ ಅವ್ನು ಯಾವಾಗ ಬರ್ತಾನಂತೆ?"

"ಇನ್ನೂ ಹೊತ್ತಿದೆ ಅಪ್ಪಯ್ಯ. ಮೂವತ್ತೈದಕ್ಕೆ."

ಶೇಷಪ್ಪ ಒಂದು ಗುಟುಕು ಕುಡಿದು ನಗುತ್ತಾರೆ.

"ಬಂದಾಗ ಎಬ್ಸು ಪ್ರೇಮಾ. ನಿನ್ನ ಹಂಗೆ ನಾನು ನಾಳೆ ಅನ್ನಲ್ಲ."